ಎಂಟು ದಿನದ ಉಪ್ಪುನೀರು

ಉಪ್ಪಿನಕಾಯಿ ಜಾಡಿ ಕೊಳ್ಳುವಾಗ ಬೆರಳಿನಿಂದ ತಟ್ಟಿ, ಸದ್ದು ಕೇಳಿ ಸುಮ್ಮನಾಗಬೇಡಿ. ಉಪ್ಪುನೀರು ತುಂಬಿ ಎಂಟು ದಿನ ಇಟ್ಟು ನೋಡಿದ್ದಾರೆಯೇ ಎಂದು ಕೇಳಿ. ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ.

ಊರ ಹೊರಗೆ ಐಟಿ ಆಫೀಸುಗಳು ಏಳುತ್ತಿದ್ದ ಕಾಲ. ಹಿಮಾಯತ್‌ನಗರದಲ್ಲಿ ನನ್ನದೊಂದು ಪುಟ್ಟ ಪಾತ್ರೆ ಅಂಗಡಿ. ಜಾಡಿಗಳನ್ನು ನಗರದಂಚಿನ ಪಟಾನ್‌ಚೆರುವಿನಾಚೆಯ ಒಬ್ಬ ಕುಂಬಾರರಿಂದ ತರುತ್ತಿದ್ದೆ. ಬೀದರ ಕಡೆಯವರು, ನಾನು ಕಾಕಾ ಎನ್ನುತ್ತಿದ್ದೆ. ಭಟ್ಟಿ ಕೆಂಪಗೆ ಕಾದಾಗ ಒಳಗೆ ಉಪ್ಪೆರಚಿ ಜಾಡಿಯ ಮೈಗೆ ಜೇನುಬಣ್ಣದ ಹೊಳಪು ತರುವ ಕೆಲಸ ಅವರಿಗೆ ಅಪ್ಪನಿಂದ ಬಂದದ್ದು. ಆ ಭಾಗದಲ್ಲಿ ಅದನ್ನು ಮಾಡುವವರು ಅವರೊಬ್ಬರೇ ಉಳಿದಿದ್ದರು. ಎಲ್ಲರ ಮನೆಗೂ ಪ್ಲಾಸ್ಟಿಕ್ ಡಬ್ಬಿ ಬಂದಿತ್ತು. ಈ ಬೇಸಿಗೆಯಲ್ಲಿ ಮಾಲು ಹೋಗದಿದ್ದರೆ ಭಟ್ಟಿ ಆರಿಸಿ ಯಾವುದಾದರೂ ಆಫೀಸಿನ ಗೇಟು ಕಾಯುತ್ತೇನೆ ಎಂದಿದ್ದರು.

ನಾನು ಬಿಡುವವಳಲ್ಲ. ಹೊಸ ಅಪಾರ್ಟ್‌ಮೆಂಟೊಂದರ ಮೆಟ್ಟಿಲು ಹತ್ತಿ ಇಳಿದು, ಆವಕಾಯಿ ಉಪ್ಪಿನಕಾಯಿ ಹಾಕುವ ಹನ್ನೊಂದು ಮನೆಯವರನ್ನು ಒಪ್ಪಿಸಿದೆ. ಮಾವಿನಕಾಯಿ ಆಗಲೇ ಮಾರುಕಟ್ಟೆಗೆ ಬಂದಿತ್ತು. ಕಾಕಾನ ಅಂಗಳದಲ್ಲಿ ಜಾಡಿಗಳು ಉಪ್ಪುನೀರು ತುಂಬಿಕೊಂಡು ನಿಂತು ಎರಡೇ ದಿನವಾಗಿತ್ತು.

“ಇನ್ನಾ ಆರು ದಿನ ತಡಿ ಯವ್ವಾ. ಕಾವು ಸಾಲದ್ದು ಇದ್ರ ಹೊರಗ ಬಿಳಿ ಉಪ್ಪು ಮೂಡತೈತಿ. ಅಂಥಾದ್ದನ್ನ ಒಡದು ಹಾಕ್ತೀನಿ.”

“ಅಷ್ಟರಾಗ ಅವರು ಪ್ಲಾಸ್ಟಿಕ್ ತಗೊಂಡಿರ್ತಾರ ಕಾಕಾ. ಆಮ್ಯಾಲ ಈ ಜಾಡ್ಯಾಗ ನಾವಿಬ್ರೂ ಹೋಗಿ ಕುಂದ್ರಬೇಕ ನೋಡ್ರಿ.”

ಅವರು ನಕ್ಕರು. ನಕ್ಕ ಮನುಷ್ಯ ಅರ್ಧ ಒಪ್ಪಿದ ಹಾಗೆ ಎಂಬುದು ನನ್ನ ವ್ಯಾಪಾರದ ಲೆಕ್ಕ. ಮಾತಾಡುತ್ತಲೇ ನೀರು ಚೆಲ್ಲಿಸಿ ಹನ್ನೊಂದು ಜಾಡಿಗಳನ್ನು ಟೆಂಪೋಗೆ ಏರಿಸಿದೆ.

ತಿಂಗಳೊಳಗೆ ಮೂರು ಮನೆಗಳಿಂದ ಫೋನು ಬಂತು. ಜಾಡಿಯ ಬುಡದಲ್ಲಿ ಬಿಳಿ ಉಪ್ಪು, ಸುತ್ತ ಎಣ್ಣೆಯ ಜಿಡ್ಡು. ಆ ಮಾತು ಉಳಿದ ಎಂಟು ಮನೆಗೆ ಹರಡಿದರೆ ಭಟ್ಟಿಯ ಕಥೆ ಅಲ್ಲಿಗೆ ಮುಗಿದಂತೆಯೇ. ಕಾಕಾಗೆ ಹೇಳಿದೆ. ಅವರು ಒಂದು ಮಾತೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ, ಎಂಟು ದಿನ ಪೂರೈಸಿದ ಮೂರು ಜಾಡಿಗಳನ್ನು ಹುಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು.

ಮೊದಲ ಮನೆಯ ರಾಯಚೂರಿನ ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದರು: “ಪರೀಕ್ಷಾ ಮಾಡಲಾರದ ಕೊಟ್ಟವರು ಯಾರ್ರಿ?”

ಕಾಕಾ ಚಪ್ಪಲಿ ಬಿಟ್ಟು ಮುಂದೆ ಬಂದು, “ನಾನ ಕೊಟ್ಟೀನ್ರಿ ಅವ್ವಾರ. ತಪ್ಪು ನಂದು” ಎಂದರು.

“ಅಲ್ರಿ, ಅವಸರ ಮಾಡಿದಾಕಿ ನಾನು” ಎಂದೆ. ನಾನು ಗಿರಾಕಿಯ ಮುಂದೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು.

“ತಪ್ಪು ಹಂಚ್ಕೊಳ್ಳೂದು ಸಾಕು, ಒಳಗ ಬರ್ರಿ” ಎಂದ ಅಜ್ಜಿ ಹೊಸ ಜಾಡಿಯ ಹೊಟ್ಟೆಯನ್ನು ಉಗುರಿನಿಂದ ಕೆರೆದು, ಬೆರಳನ್ನು ನಾಲಿಗೆಗೆ ತಾಗಿಸಿ ನೋಡಿದರು. ಉಪ್ಪಿರಲಿಲ್ಲ. ಉಪ್ಪಿನಕಾಯಿಯನ್ನು ಅದಕ್ಕೆ ಹಾಕುತ್ತಲೇ, “ಮುಂದಿನ ಬ್ಯಾಸಿಗಿಗೆ ಇಂಥವು ದೊಡ್ಡವು ಎರಡು ಇಡ್ರಿ. ಎಂಟು ದಿನ ನಿಂತಿರಬೇಕು ಮತ್ತ” ಎಂದರು. ಉಳಿದೆರಡು ಮನೆಗಳಲ್ಲೂ ಕಾಕಾ ಹಾಗೆಯೇ ಚಪ್ಪಲಿ ಬಿಟ್ಟು ಮುಂದೆ ನಿಂತರು.

ಮುಂದಿನ ಬೇಸಿಗೆಗೆ ಭಟ್ಟಿ ಉರಿಯಿತು. ನನ್ನ ಅಂಗಡಿಯ ಬಾಗಿಲಲ್ಲಿ ಈಗಲೂ ಜಾಡಿಗಳು ಉಪ್ಪುನೀರು ತುಂಬಿಕೊಂಡು ಸಾಲಾಗಿ ನಿಂತಿರುತ್ತವೆ. ಅವಸರದವರನ್ನು ಎದುರಿನ ಪ್ಲಾಸ್ಟಿಕ್ ಅಂಗಡಿಗೆ ನಾನೇ ಕಳಿಸುತ್ತೇನೆ. ನನ್ನ ತಪ್ಪಿಗೆ ಬೇರೆಯವರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ ಆ ಮನುಷ್ಯನಿಗೆ ನಾನು ಸಲ್ಲಿಸಬಹುದಾದ ಗೌರವ ಇಷ್ಟೇ.