ಹೆಸರಿಲ್ಲದ ಕಾರ್ಡುಗಳು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ವಿರಾಜಪೇಟೆಯ ಒಂದು ಆಸ್ಪತ್ರೆಯ ಎದೆರೋಗದ ವಿಭಾಗದಲ್ಲಿ ಕಾರ್ಡು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಕ್ಷಯ ಎಂಬ ಮಾತನ್ನು ಆಗ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಯಾರಿಗಿದೆ ಎಂದು ತಿಳಿದುಕೊಳ್ಳುವ ಚಪಲ ಮಾತ್ರ ಎಲ್ಲರಿಗೂ ಇತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಊರು ಕೇಳುತ್ತಿದ್ದರು, ಆಮೇಲೆ ಕೆಲಸ. ಕೆಲಸ ಹೇಳಿದೆನೋ, ಇನ್ನಷ್ಟು ಹತ್ತಿರ ಸರಿದು ಕೂರುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಸೇರುವ ಮೊದಲು ಕಾರ್ಡಿನ ನೆತ್ತಿಯ ಮೇಲೆ ರೋಗಿಯ ಹೆಸರು ಇರುತ್ತಿತ್ತಂತೆ. ನಮ್ಮ ಕಡೆ ಹೆಸರು ಎಂದರೆ ಮನೆತನದ ಹೆಸರೇ ಮೊದಲು, ಆಮೇಲೆ ಮನುಷ್ಯ. ಒಂದು ಕಾರ್ಡು ಮೇಜಿನ ಮೇಲೆ ತೆರೆದೇ ಉಳಿದು, ಯಾರೋ ಅದರ ಮೊದಲ ಪದವನ್ನಷ್ಟೇ ಓದಿಕೊಂಡು ಹೋಗಿದ್ದರು. ರೋಗ ಇದ್ದದ್ದು ಒಬ್ಬ ಮುದುಕನಿಗೆ. ಮದುವೆಯ ಸಂಬಂಧ ಮುರಿದದ್ದು ಅದೇ ಮನೆತನದ, ಬೇರೆ ಊರಿನಲ್ಲಿದ್ದ, ಅವನ ಮುಖವನ್ನೂ ಸರಿಯಾಗಿ ನೋಡದ ಹುಡುಗಿಯರದು.

ಅಂದಿನಿಂದ ಡಾಕ್ಟರು ಏರ್ಪಾಡನ್ನೇ ಬದಲಾಯಿಸಿದರು. ಹೆಸರುಗಳು ಮುಂದಿನ ಕೋಣೆಯಲ್ಲಿ, ಹಳೆಯ ಕಂಪೌಂಡರ ಬೀಗದೊಳಗೆ. ರೋಗದ ಕಾರ್ಡುಗಳು ಹಿಂದಿನ ಕೋಣೆಯಲ್ಲಿ, ನನ್ನ ಬೀಗದೊಳಗೆ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಕೈ ಹೋಗುವಷ್ಟು ಕಿಂಡಿ. ರೋಗಿಗೆ ಒಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಬರೀ ನಂಬರು. ಕಂಪೌಂಡರು ಕಿಂಡಿಯಲ್ಲಿ ನಂಬರು ಕೂಗಿದರೆ ನಾನು ಆ ಕಾರ್ಡು ತೆಗೆದು ಕೊಡಬೇಕು. ಅವರಿಗೆ ಜನ ಗೊತ್ತು, ಕಾರ್ಡು ಬಿಡಿಸಿ ನೋಡುವಂತಿಲ್ಲ. ನನಗೆ ಕಾರ್ಡು ಗೊತ್ತು, ಜನ ಗೊತ್ತಿಲ್ಲ. ಎರಡನ್ನೂ ಸೇರಿಸಿ ನೋಡುವ ಅಧಿಕಾರ ಡಾಕ್ಟರಿಗೆ ಮಾತ್ರ. ಯಾರು ಕಾರ್ಡು ತೆಗೆದರೂ ಅದರ ಜಾಗದಲ್ಲಿ ಒಂದು ತೆಳು ಹಲಗೆ ನಿಲ್ಲಿಸಿ, ಅದಕ್ಕೆ ತಮ್ಮ ಸಹಿಯ ಚೀಟಿ ಸಿಕ್ಕಿಸಬೇಕು. ಸಂಜೆ ಡಾಕ್ಟರು ತಾವೇ ಬಂದು ಚೀಟಿಗಳನ್ನು ನೋಡಿ, ಇದನ್ನು ಯಾಕೆ ತೆಗೆದಿರಿ ಎಂದು ಕೇಳುತ್ತಿದ್ದರು. ತಮ್ಮದೇ ಚೀಟಿ ಇದ್ದರೂ ಕಾರಣ ಹೇಳಿಯೇ ಹರಿಯುತ್ತಿದ್ದರು.

ಹೆಸರಿಲ್ಲದಿದ್ದರೂ ಕೆಲವು ಕಾರ್ಡುಗಳ ಮೇಲೆ ಮಮತೆ ಬೆಳೆಯುತ್ತದೆ. ಒಂದಿತ್ತು: ಹೆಣ್ಣು, ಸಣ್ಣ ಪ್ರಾಯ, ಎಡ ಶ್ವಾಸಕೋಶ. ಮೊದಮೊದಲು ತೂಕ ಇಳಿಯುತ್ತಲೇ ಇತ್ತು. ಸೂಜಿ ಮದ್ದು ಹಿಡಿದ ಮೇಲೆ ನಿಧಾನಕ್ಕೆ ಏರತೊಡಗಿತು. ಒಂದು ದಿನ ಕಂಪೌಂಡರು ಅದೇ ನಂಬರು ಕೂಗಿದಾಗ ತಡೆಯಲಾರದೆ ಕಿಂಡಿಗೆ ಬಾಯಿಟ್ಟು, "ನಿಮ್ಮ ಈ ನಂಬರು ಬದುಕಿತು ಕಂಪೌಂಡ್ರೇ," ಎಂದು ಕೂಗಿದೆ. ಅವರು ಗದರಿಸಿದರು. ನನಗೆ ನಗು ಬಂತು.

ಆಮೇಲಿನ ವರ್ಷ ಅಕ್ಕನಿಗೆ ಬಾಳೆಲೆಯಿಂದ ಸಂಬಂಧ ಬಂತು. ಅಕ್ಕ ಅದಕ್ಕೂ ಮುಂಚೆ ಸಿದ್ದಾಪುರಕ್ಕೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿಯಾಗಿದ್ದ ಚಿಕ್ಕಮ್ಮನ ಬಾಣಂತನಕ್ಕೆಂದು ಹೋಗಿ ಬಹಳ ಕಾಲ ಅಲ್ಲೇ ಉಳಿದಿದ್ದಳು. ಮಾತುಕತೆಗೆ ಬಂದ ಗಂಡು ಊಟದ ನಡುವೆ ಎರಡು ಸಲ ಕೆಮ್ಮಿದ. ಅಷ್ಟೇ ಸಾಕಾಯಿತು ನಮ್ಮ ಅವ್ವನಿಗೆ.

"ಅವ್ಂಗೆ ಎದೆರೋಗ ಉಟ್ಟಾ ಇಲ್ಲೆನಾ ನೋಡ್ಕಂಡ್ ಬಾ," ಎಂದಳು. ರೋಗ ಇದೆಯೋ ಇಲ್ಲವೋ ಎಂದು ನಾನು ಕಾರ್ಡಿನಲ್ಲಿ ನೋಡಿ ಬರಬೇಕಂತೆ.

"ನನ್ನ ಹತ್ರ ಬರೀ ನಂಬರು ಅವ್ವಾ. ಹೆಸರು ಇಲ್ಲೆ."

"ಹೆಸರು ಇರುವ ಕೋಣೆ ಅಲ್ಲೇ ಪಕ್ಕಲಿ ಉಟ್ಟಲ್ಲ. ನಿನ್ನ ಅಕ್ಕನ ಬದುಕು ನಿಂಗೆ ಏನೂ ಅಲ್ಲನಾ?"

ಅಕ್ಕ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳುತ್ತಿದ್ದಳು.

ಕಂಪೌಂಡರು ಊಟಕ್ಕೆ ಹೋಗುವಾಗ ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಮರುದಿನ ಆ ಮೊಳೆಯ ಮುಂದೆ ಹೋಗಿ ನಿಂತೆ. ಕೈ ಚಾಚಿದರೆ ಆಗುತ್ತಿತ್ತು. ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ. ಸಂಜೆ ಡಾಕ್ಟರು ಯಾಕೆ ಎಂದು ಕೇಳಿದರೆ ಅವರ ಮುಖ ನೋಡುವುದು ಹೇಗೆ? ಆದರೆ ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಬಸ್ಸಿನಲ್ಲಿ ಹತ್ತಿರ ಸರಿದು ಕೂರುವವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದ ನಾನು ಈಗ ನಿಂತದ್ದು ಅವರದೇ ಸಾಲಿನಲ್ಲಿ. ವಾಪಸು ಬಂದು ನನ್ನ ಸ್ಟೂಲಿನ ಮೇಲೆ ಕೂತೆ.

ಮನೆಗೆ ಬಂದು, ನೋಡಲಿಲ್ಲ, ನೋಡುವುದೂ ಇಲ್ಲ ಎಂದೆ. ಅವ್ವ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಒಳಗೆ ಹೋದಳು. ಮಾವನನ್ನು ಬಾಳೆಲೆಗೆ ಕಳಿಸಿ ಅಲ್ಲಿ ಇಲ್ಲಿ ಕೇಳಿಸಿದಳು. ಗಂಡಿನದು ಹೊಗೆಸೊಪ್ಪಿನ ಕೆಮ್ಮು ಎಂದು ಗೊತ್ತಾಗಿ ಮದುವೆಯೂ ಆಯಿತು. ಆದರೂ ಧಾರೆಯ ಹೊತ್ತಿನಲ್ಲಿ ಅವ್ವ ನನ್ನ ಪಕ್ಕ ನಿಲ್ಲಲಿಲ್ಲ. ಅದು ನನಗೆ ಈಗಲೂ ನೋಯುತ್ತದೆ.

ಎಷ್ಟೋ ವರ್ಷ ಕಳೆದ ಮೇಲೆ, ವಿರಾಜಪೇಟೆ ಸಂತೆಗೆ ಬಂದಿದ್ದ ಅಕ್ಕ ನನ್ನ ಬಾಡಿಗೆ ಕೋಣೆಗೆ ಬಂದಳು. ಕಾಫಿ ಕುಡಿದು, ಚೀಲದಿಂದ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು. ತಗಡಿನ ಬಿಲ್ಲೆ. ನಂಬರು ನೋಡಿದ ಕೂಡಲೇ ಕಾರ್ಡು ಕಣ್ಣ ಮುಂದೆ ಬಂತು. ಎಡ ಶ್ವಾಸಕೋಶ. ಇಳಿಯುತ್ತಿದ್ದ ಆ ತೂಕ.

ಸಿದ್ದಾಪುರದ ಬಾಣಂತನ ಬರೀ ನೆಪ. ಚಿಕ್ಕಮ್ಮ ಅಕ್ಕನನ್ನು ಅಲ್ಲಿಂದ ಬಸ್ಸಿನಲ್ಲಿ ಕರೆತಂದು ಮದ್ದು ಮಾಡಿಸುತ್ತಿದ್ದಳಂತೆ. ಸೆರಗು ಮುಸುಕಿಕೊಂಡು ಜಗಲಿಯ ಬೆಂಚಿನಲ್ಲಿ ಕೂತಿದ್ದವಳಿಗೆ ಗೋಡೆಯಾಚೆಯಿಂದ ನನ್ನ ದನಿ ಕೇಳುತ್ತಿತ್ತಂತೆ.

"ಬದುಕಿತು ಅಂತ ನೀ ಕೂಗಿದ್ದು ಕೇಳ್ತ್," ಎಂದಳು. "ಅಂದೇ ನಂಗೆ ಧೈರ್ಯ ಬಂದದ್."

ಬಿಲ್ಲೆಯ ನಂಬರನ್ನು ಇನ್ನೊಮ್ಮೆ ಓದಿದೆ. ಆಮೇಲೆ ಕೇಳಿದೆ, ಬಾವನಿಗೆ ಗೊತ್ತೇ?

"ಮದುವೆಗೆ ಮುಂಚೆ ನಾನೇ ಹೇಳ್ದೆ. ಅವರ ಕಡೆಯವು ಆಸ್ಪತ್ರೆಗೂ ಕೇಳಿಕ್ಕೆ ಬಂದಿದ್ದೊ. ಕಂಪೌಂಡ್ರು ಬಾಯೇ ಬಿಟ್ಟಿಲ್ಲೆ. ಅದಕ್ಕೇ ನಂಗೆ ಹೇಳಿಕ್ಕೆ ಸಮಯ ಸಿಕ್ಕಿದ್." ಚೀಲ ಎತ್ತಿಕೊಳ್ಳುತ್ತ, "ಅವ್ವಂಗೆ ಮಾತ್ರ ಹೇಳ್‌ಬೇಡ," ಎಂದಳು.

ಅವ್ವ ಆಮೇಲೂ ಬಹುಕಾಲ ಬದುಕಿದ್ದಳು. ನೆಂಟರು ಸೇರಿದಾಗಲೆಲ್ಲ, ಅಕ್ಕನಿಗಾಗಿ ಒಂದು ಕಾರ್ಡು ತೆಗೆದು ನೋಡದ ಮಗಳು ಎಂದು ನನ್ನನ್ನು ಆಡಿಕೊಳ್ಳುತ್ತಿದ್ದಳು. ಅಕ್ಕನ ಕಾರ್ಡಿನಲ್ಲಿ ಒಂದೊಂದು ಪೌಂಡನ್ನೂ ಬರೆದವಳು ನಾನೇ ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ. ಕೊನೆಯ ದಿನಗಳಲ್ಲಿ ಅವ್ವನ ತಲೆ ನನ್ನ ತೊಡೆಯ ಮೇಲೆಯೇ ಇತ್ತು. ಆಗಲೂ ಹೇಳಲಿಲ್ಲ. ಅವ್ವ ಆ ಸಿಟ್ಟನ್ನು ಇಟ್ಟುಕೊಂಡೇ ಹೋದಳು.

ಇದನ್ನು ಬರೆಯಲೇ ಎಂದು ಮೊನ್ನೆ ಅಕ್ಕನನ್ನು ಕೇಳಿದೆ.

"ಬರಿ," ಎಂದಳು. "ಹೆಸರು ಹಾಕ್‌ಬೇಡ."