ಬಿದಿರಿನ ಕಡ್ಡಿ ಬಿಸಾಡಿದವನು

ನನ್ನ ಅಕ್ಕನ ಗಂಡನಿಗೆ ಕೊಲ್ಲಿ ದೇಶದ ಟುಬ್ಲಿಯಲ್ಲಿ ಗ್ಯಾರೇಜಿತ್ತು. ಲೋಕದ ಕಬ್ಬಿಣವೆಲ್ಲ ತನ್ನ ಮಾತು ಕೇಳಲೆಂದೇ ಹುಟ್ಟಿದೆ ಎಂದು ಅವನು ನಂಬಿದ್ದ. ಎಂಬತ್ತರ ದಶಕದ ಆರಂಭ ಅದು. ನಾನು ಬಿ.ಕಾಂ. ಮುಗಿಸಿ ಬಂದು ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ.

ಅವನ ಗಿರಾಕಿಯಾಗಿದ್ದ ಜಪಾನಿ ಇಂಜಿನಿಯರ್ ಒಬ್ಬ ಊರಿಗೆ ಮರಳುವಾಗ ತನ್ನ ಅಜ್ಜನ ಕತ್ತಿಯನ್ನು ಭಾವನಿಗೆ ಕೊಟ್ಟುಹೋದ. ಕತ್ತೆಗೆ ಕಸ್ತೂರಿ ಕೊಡುವವರೂ ಇರುತ್ತಾರೆ. ಕೊಡುವ ಮೊದಲು ನಮ್ಮೆದುರು ಅದನ್ನು ಬಿಚ್ಚಿ ತೋರಿಸಿದ. ಅಲಗಿಗೆ ಉಸಿರು ತಾಗದಂತೆ ಮಡಿಸಿದ ಕಾಗದವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಹಿಡಿಗೆ ಅಡ್ಡವಾಗಿ ತೂರಿಸಿದ್ದ ಸಣ್ಣ ಬಿದಿರಿನ ಕಡ್ಡಿಯನ್ನು ತಳ್ಳಿದಾಗ ಇಡೀ ಅಲಗು ಹಿಡಿಯಿಂದ ಹೊರಬಂತು. ಹಿಡಿಯೊಳಗೆ ಅಡಗಿದ್ದ ಭಾಗದಲ್ಲಿ ಕಮ್ಮಾರನ ಹೆಸರು, ಅದರ ಸುತ್ತ ಕಪ್ಪು ತುಕ್ಕು. ಆ ತುಕ್ಕನ್ನು ಎಂದೂ ಮುಟ್ಟಬಾರದು, ಕತ್ತಿಯ ವಯಸ್ಸು ಹೇಳುವುದು ಅದೇ ಎಂದು ಅವನು ನಿಧಾನವಾಗಿ ಇಂಗ್ಲಿಷಿನಲ್ಲಿ ವಿವರಿಸಿದ. ಭಾವ ತಲೆಯಾಡಿಸಿದ.

ಆಯುಧಪೂಜೆಯ ದಿನ ನಾನು ಹೋದಾಗ ಜ್ಯಾಕು, ಸ್ಪ್ಯಾನರುಗಳ ನಡುವೆ ಕತ್ತಿ ಮಲಗಿತ್ತು. ಮಂಜಿನ ಅಲೆಯಂತಿದ್ದ ಅಂಚಿನ ಮೇಲೆ ಗಂಧ, ಕುಂಕುಮ ಬಳಿದಿದ್ದ. ಒಳಗಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ಹೊಳೆಯಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದ. ಹೆಸರೂ ಉಜ್ಜಿಹೋಗಿತ್ತು.

"ಆ ಕಡ್ಡಿ ಎಲ್ಲಿ ಭಾವ?"

"ಬಿಸಾಡಿದೆ ಮಾರಾಯ. ಇಷ್ಟು ದೊಡ್ಡ ಕತ್ತಿಗೆ ಬಿದಿರಿನ ಕಡ್ಡಿಯಾ? ಅವ್ರಿಗೆ ಒಂದು ಮೊಳೆ ಸಿಗ್ಲಿಲ್ವಾ? ನಾನು ಅಲ್ಯುಮಿನಿಯಂ ತಂತಿ ಹಾಕಿದ್ದೇನೆ. ಇಲ್ಲಿಯ ಅಸ್ಕರ್ ಕಾರ್ಖಾನೆಯದ್ದು, ಒಳ್ಳೇ ಮಾಲು."

"ಅದು ಮೆತ್ತಗಲ್ವಾ? ಅಲಗೇ ಜಾರಿದ್ರೆ?"

"ನೀನು ಲೆಕ್ಕ ಬರಿ. ಕಬ್ಬಿಣ ನನಗೆ ಬಿಡು."

ದೃಷ್ಟಿ ತೆಗೆಯಲು ಹೊಸ ಪಿಕಪ್ಪಿನ ಮುಂದೆ ಬೂದುಗುಂಬಳ ಇಟ್ಟಿದ್ದರು. ಅದನ್ನು ಈ ಕತ್ತಿಯಿಂದಲೇ ಕಡಿಯಬೇಕು, ಊರಿಗೆ ಪಟ ಕಳಿಸಬೇಕು. ಕ್ಯಾಮೆರಾ ನನ್ನ ಕೈಗೆ ಬಂತು. ನಾನು ಬದಿಯಲ್ಲಿ ನಿಂತೆ.

"ಅಲ್ಲಿಂದ ಎಂತ ತೆಗೀತಿ, ನನ್ನ ಕಿವಿಯಾ? ಎದುರಿಗೆ ಬಾ, ಮುಖ ಬರ್ಲಿ."

ಹೇಳಿದ್ದನ್ನು ಕೇಳಿ ಎದುರಿಗೆ ಬಂದೆ. ಅವನು ಎರಡೂ ಕೈಯಲ್ಲಿ ಎತ್ತಿ ಬೀಸಿದ. ಕುಂಬಳಕ್ಕೆ ಏನೂ ಆಗಲಿಲ್ಲ. ನನ್ನ ಎಡಗಿವಿಯ ಕೆಳಗೆ ತಣ್ಣನೆಯ ಗಾಳಿ ಸುಳಿಯಿತು, ಹಿಂದೆ ಏನೋ ನಾಟಿದ ಸದ್ದು. ತಿರುಗಿ ನೋಡಿದರೆ ಪೇರಿಸಿಟ್ಟಿದ್ದ ಹಳೆ ಸೀಟುಗಳಲ್ಲಿ ಅಲಗು ಗೇಣುದ್ದ ಇಳಿದು ಇನ್ನೂ ನಡುಗುತ್ತಿತ್ತು. ನನ್ನ ಅಂಗಿಯ ಕಾಲರು ನೀಟಾಗಿ ಸೀಳಿಹೋಗಿತ್ತು. ನಾನು ನೆಲದ ಮೇಲೆ ಕೂತೆ.

ಭಾವ ಖಾಲಿ ಹಿಡಿಯನ್ನು ನೋಡಿದ, ಆಮೇಲೆ ನನ್ನನ್ನು. "ಪಟ ಬಂತಾ?"

ಬಂದಿತ್ತು. ಬೆಚ್ಚಿದ ಬೆರಳು ತಾನಾಗಿ ಒತ್ತಿತ್ತು. ಅದನ್ನು ಕಟ್ಟು ಹಾಕಿಸಿ ಗ್ಯಾರೇಜಿನಲ್ಲಿ ತೂಗುಹಾಕಿದ: ಬರೀ ಹಿಡಿ ಹಿಡಿದು ಬಾಯಿ ತೆರೆದು ನಿಂತ ಶೂರ. ಅಲಗೇ ಕಿತ್ತು ಹೋಗುವಷ್ಟು ತೋಳಿನ ಬಲ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅಲಗು ಎಲ್ಲಿಗೆ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ನಾನು ಇಂದಿಗೂ ಕ್ಷೌರಕ್ಕೆ ಕೂತರೆ ಎಡಗಿವಿಯ ಹತ್ತಿರ ಕತ್ತಿ ತರುವ ಮೊದಲು ಹೇಳು ಎನ್ನುತ್ತೇನೆ.