ಮೊದಲು ನೀರು, ಆಮೇಲೆ ಕಸಬರಿಗೆ

ಬೆಳಿಗ್ಗೆ ಮಾಳಿಗೆಗೆ ಹೋಗಿ ನೋಡಿದರೆ ಒಣಹಾಕಿದ್ದ ಬಿಳಿ ಅಂಗಿಯ ಮೇಲೆಲ್ಲ ಕರಿ ಉದುರಿತ್ತು. ಜಮಖಂಡಿಯಲ್ಲಿ ಇದೇನು ಹೊಸದಲ್ಲ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ, ನಾವು ರವದಿ ಅಂತೀವಲ್ಲ ಅದಕ್ಕೆ, ಯಾರೋ ಬೆಂಕಿ ಹಚ್ಚಿರುತ್ತಾರೆ. ಅದರ ಕರಿ ನಮ್ಮ ಮಾಳಿಗೆಗೆ ಬರುತ್ತದೆ. ಹಚ್ಚಿದವರಿಗೆ ಮನಸಾರೆ ನಾಲ್ಕು ಬೈದೆ. ಆದರೆ ಅಂಗಿ ಝಾಡಿಸಲಿಲ್ಲ. ಹಾಗೇ ಮೆಲ್ಲಗೆ ಬಕೆಟ್ಟಿನ ನೀರಿಗೆ ಇಳಿಸಿದೆ. ಯಾಕೆ ಅಂತ ಹೇಳಿದರೆ ನನ್ನ ಮಾನವೇ ಹೋಗುತ್ತದೆ. ಹೋಗಲಿ, ನಿಮ್ಮ ಮುಂದೆ ಏನು ಮುಚ್ಚುಮರೆ.

ಆಗ ಮದುವೆಯಾಗಿ ಮೂರು ತಿಂಗಳು. ಗಂಡನ ಮನೆ ಚಿಮ್ಮಡದ ಹೊಲದಲ್ಲಿ. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುಚ್ಚು ನನಗೆ. ಎಲ್ಲರಿಗಿಂತ ಮೊದಲು ಎದ್ದು ಕಸ ಹೊಡೆದು, ಅಂಗಳಕ್ಕೆ ನೀರು ಚಿಮುಕಿಸಿ ಥಳಿ ಹೊಡೆದು, ರಂಗೋಲಿ ಹಾಕಿದ ಮೇಲೆಯೇ ನನಗೆ ಸಮಾಧಾನ. ಅತ್ತೆ ನಗುತ್ತಿದ್ದರು. "ಅಷ್ಟ್ಯಾಕ ಅವಸರ ಮಾಡ್ತಿ ಬೇ, ಅಂಗಳೇನ ಎದ್ದ ಓಡಿ ಹೋಗತೈತೇನ?"

ಆ ಬೇಸಿಗೆಯಲ್ಲಿ ಊರಾಚೆಯ ಒಣ ಹುಲ್ಲಿಗೆ ಹತ್ತಿದ ಬೆಂಕಿ ಕಬ್ಬಿನ ಹೊಲಗಳನ್ನು ತಿನ್ನುತ್ತ ನಮ್ಮ ಹಿತ್ತಲ ತನಕ ಬಂತು. ಮನೆ ಉಳಿಯಿತು. ಆದರೆ ಹಾಸಿಗೆ, ಕಪಾಟು, ಹಿಟ್ಟಿನ ಡಬ್ಬಿಯ ಮುಚ್ಚಳ, ಎಲ್ಲೆಲ್ಲೂ ಬೂದಿ. ಮಾವನವರಿಗೆ ಮೊದಲೇ ದಮ್ಮು. ಹೊಗೆ ಏಳುತ್ತಲೇ ಅವರನ್ನು ಬನಹಟ್ಟಿಗೆ, ಮಗಳ ಮನೆಗೆ ಸಾಗಿಸಿದೆವು. ಅಲ್ಲಿಯ ಡಾಕ್ಟರು ಅತ್ತೆಗೆ ಬಿಡಿಸಿ ಹೇಳಿದ್ದರು: ಬೂದಿಯನ್ನು ಒಣದಾಗಿ ಗುಡಿಸಬೇಡಿ, ಮೊದಲು ನೀರು ಚಿಮುಕಿಸಿ, ಒದ್ದೆ ಅರಿವೆಯಿಂದ ಒರೆಸಿ. ಮೂಗಿಗೆ ಸೆರಗು ಸಾಲದು, ಬಿಗಿಯಾದ ಮಾಸ್ಕ್ ಬೇಕು. ಮನೆ ಸ್ವಚ್ಛವಾಗುವ ತನಕ ಯಜಮಾನರು ಬರಕೂಡದು, ಈ ಬೂದಿ ಎದೆಗೆ ಹೋದರೆ ಜೀವ ಉಳಿಯುವುದು ಕಷ್ಟ. ಅತ್ತೆ ಇದನ್ನು ನನಗೆ ಎರಡೆರಡು ಸಲ ಹೇಳಿದರು. ನಾನು "ಹೂನ್ರಿ ಅತ್ತಿ" ಅಂದೆ.

ಮರುದಿನ ಬೆಳಿಗ್ಗೆ ಎದ್ದವಳ ಕೈ ತಾನಾಗಿಯೇ ಕಸಬರಿಗೆಗೆ ಹೋಯಿತು. ಹುಟ್ಟಿದಾಗಿನಿಂದ ಬಂದ ರೂಢಿ ನೋಡಿ: ಮೊದಲು ಕಸ, ಆಮೇಲೆ ನೀರು. ಪಡಸಾಲೆಯನ್ನು ಜೋರಾಗಿ ನಾಲ್ಕು ಸಲ ಎಳೆದಿದ್ದೆ, ಬೂದಿ ಮೇಲೆದ್ದು ಎದುರಿನ ಗೋಡೆಯೇ ಕಾಣದಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಮಾವ! ಮಗಳ ಮನೆಯಲ್ಲಿ ಮನಸ್ಸು ನಿಲ್ಲದೆ, ಯಾರಿಗೂ ಹೇಳದೆ ಮೊದಲ ಬಸ್ಸಿಗೇ ಬಂದುಬಿಟ್ಟಿದ್ದರು. ಒಂದೇ ಕೆಮ್ಮು, ಆಮೇಲೆ ಉಸಿರೇ ಬರಲಿಲ್ಲ. ಚೌಕಟ್ಟು ಹಿಡಿದು ಕುಸಿದರು. ತುಟಿ ನೀಲಿಯಾಯಿತು.

ಅತ್ತೆ ಹಿತ್ತಲಿಂದ ಓಡಿ ಬಂದರು. ಮಾವನನ್ನು ಹೊರಗೆ ಬೇವಿನ ಮರದ ಕಡೆ ಎಳೆದುಕೊಂಡು ಹೋಗಿ, ಅವರ ಕಿಸೆಯಿಂದಲೇ ದಮ್ಮಿನ ಪಂಪ್ ತೆಗೆದು ಬಾಯಿಗೆ ಹಿಡಿದರು. ಮಾವನಿಗೆ ತುಸು ಉಸಿರು ತಿರುಗಿದ್ದೇ ತಡ, ಅತ್ತೆ ವಾಪಸು ಬಂದು ನನ್ನ ಕೈಯ ಕಸಬರಿಗೆ ಕಸಿದುಕೊಂಡರು. ಎದ್ದ ಬೂದಿ ಕಂಡು ಹೊಲದಿಂದ ಭಾವ, ನನ್ನ ಗಂಡನ ಅಣ್ಣ, ಕೂಗುತ್ತ ಬಂದರು. "ಒಣಾ ಬೂದಿ ಹೊಡದವರ ಯಾರು?"

"ನಾನಪಾ. ಮರತ ಹೊಡದೆ," ಅಂದರು ಅತ್ತೆ.

ಭಾವ ಹೆತ್ತ ತಾಯಿಗೆ ಬಾಯಿಗೆ ಬಂದಂತೆ ಬೈದರು. "ಅಪ್ಪನ್ನ ಕೊಲ್ಲಾಕ ನಿಂತೀ ಏನವ್ವಾ?" ಅಂದರು. ಅತ್ತೆ ತಲೆ ತಗ್ಗಿಸಿ ನಿಂತಿದ್ದರು. ನಾನು ಬಾಯಿ ಬಿಡಲಿಲ್ಲ. ಹೆದರಿಕೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಬರೀ ಸ್ವಾರ್ಥ.

ಮಾವ ಉಳಿದರು. ಆಮೇಲೆ ಬಂದವರೆದುರಿಗೆಲ್ಲ ಅತ್ತೆಯನ್ನು ತೋರಿಸಿ ಅವರದು ಒಂದೇ ಚೇಷ್ಟೆ: "ಇಕಿ ನನ್ನ ಕಸದ ಕೂಡ ಗುಡಿಸಿ ಒಗ್ಯಾಕಿ ಇದ್ಲು." ಅತ್ತೆ ನಗುತ್ತಿದ್ದರು. ನಗುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಹೋದ ವರ್ಷ ಅತ್ತೆ ತೀರಿಹೋದರು. ನಾನು ಹೇಳಲೇ ಇಲ್ಲ.

ಇವತ್ತು ಮಾತ್ರ ತಡೆಯಲಾಗಲಿಲ್ಲ. ಒದ್ದೆ ಕೈಯಲ್ಲೇ ಚಿಮ್ಮಡಕ್ಕೆ ಫೋನ್ ಹಚ್ಚಿದೆ. "ಮಾವಾರ, ಅವತ್ತ ಕಸಾ ಹೊಡದಾಕಿ ನಾನರಿ. ಅತ್ತಿ ಅಲ್ಲರಿ."

"ಗೊತ್ತೈತಿ ಬಿಡವ್ವಾ. ಬಾಗಲದಾಗ ನಿಂತ ನೋಡಿದಾಂವ ನಾನ ಅಲ್ಲೇನ?"

"ಮತ್ತ ಇಷ್ಟ ವರ್ಷ ಅತ್ತೀನ ಯಾಕ ಕಾಡಿದ್ರಿ?"

"ಅಕೀನ ಹೇಳಿದ್ಲವ್ವಾ. ನೀವು ನನ್ನ ಹೆಸರ ತಗೊಂಡ ಆಡಕೋತ ಇರ್ರಿ, ಇಲ್ಲಾಂದ್ರ ಹಿರೇ ಮಗಗ ಆ ಹೊಸಾ ಹುಡಿಗಿ ಮ್ಯಾಲ ಸಂಶೆ ಬರತೈತಿ ಅಂದ್ಲು. ಭಾಳ ಜೋಪಾನ ಮಾಡಿದ್ಲು ನಿನ್ನ."

ಸೆರಗಿನಿಂದ ಮುಖ ಒರೆಸಿಕೊಂಡೆ.

"ಮಾವಾರ, ಭಾವಾರ ಕೈಯಾಗ ಫೋನ್ ಕೊಡ್ರಿ," ಅಂದೆ.